ಟಾಸ್ ಬೇಡ ಎಂದವಳು

ಕಿರಂಗೂರಿನ ಹೊನ್ನಪ್ಪನ ಮಗಳಿಗೆ ಚಿಕ್ಕಬೋರಮ್ಮ ಎಂದು ಅಜ್ಜಿಯ ಹೆಸರನ್ನೇ ಇಟ್ಟಿದ್ದರು. ಊರಲ್ಲಿ ಆ ಹೆಸರಿಗೆ ಯಾರೂ ನಕ್ಕವರಿಲ್ಲ. ೧೯೯೩ರಲ್ಲಿ ಅವಳು ಪಾಂಡವಪುರದ ಒಂದು ಖಾಸಗಿ ಕಾಲೇಜಿಗೆ ಬಿ.ಎ. ಓದಲು ಸೇರಿದಾಗ, ಮೊದಲ ದಿನ ಹಾಜರಿ ಕೂಗುತ್ತಿದ್ದ ಮೇಷ್ಟ್ರ ಬಾಯಿಂದ ಆ ಹೆಸರು ಬಿದ್ದದ್ದೇ ತಡ, ಹಿಂದಿನ ಬೆಂಚಿನಿಂದ ಯಾವನೋ, "ದೊಡ್ಡಬೋರಮ್ಮ ಬರ್ನಿಲ್ವಾ?" ಎಂದ. ಕ್ಲಾಸೆಲ್ಲ ಗೊಳ್ಳೆಂದಿತು. ಚಿಕ್ಕಬೋರಮ್ಮ ಎದ್ದು ನಿಂತು ಹಿಂದಕ್ಕೆ ತಿರುಗಿದಳು.

"ದೊಡ್ಡಬೋರಮ್ಮ ನಮ್ಮಜ್ಜಿ ಅಕ್ಕ ಕಣಪ್ಪ. ಬೆಳಗೊಳದಲ್ಲವ್ರೆ. ಯಾಕೆ, ಮಾತಾಡ್ಬೇಕಿತ್ತಾ?"

ಈ ಸಲದ ನಗು ಆ ಹುಡುಗನ ಮೇಲೆ ಬಿತ್ತು. ಪಕ್ಕದಲ್ಲಿ ಕೂತಿದ್ದ ಶ್ರೀರಂಗಪಟ್ಟಣದ ಆತಿಯಾ ಅವಳ ಲಂಗ ಹಿಡಿದೆಳೆದು ಕೂರಿಸಿದಳು. ಗೆಳೆತನ ಶುರುವಾದದ್ದು ಹಾಗೆ.

ಚಿಕ್ಕಬೋರಮ್ಮನಿಗೆ ಕಬಡ್ಡಿಯ ಹುಚ್ಚು ಹತ್ತಿದ್ದು ಮನೆ ಹಿಂದಿನ ಕಣದಲ್ಲಿ. ದಾಯಾದಿ ಹುಡುಗರ ಜೊತೆ ಆಡುತ್ತ ಬೆಳೆದವಳು. ಬೆಳಗಾಗೆದ್ದು ಎಮ್ಮೆ ಕರೆದು, ಹುಲ್ಲಿನ ಹೊರೆ ಹೊತ್ತು, ಕರು ಹಗ್ಗ ಕಿತ್ತುಕೊಂಡು ಓಡಿದರೆ ಅಟ್ಟಿಸಿಕೊಂಡು ಹಿಡಿದು ತಂದು ಅವಳ ಕೈಗೆ ಒಂದು ಬಿಗಿ ಬಂದಿತ್ತು. ಅವಳು ಕಾಲು ಹಿಡಿದಳೆಂದರೆ ಸೋದರಮಾವನ ಮಗನಂಥ ಗಟ್ಟಿ ಆಳೂ ಗೆರೆ ಮುಟ್ಟುತ್ತಿರಲಿಲ್ಲ. ಆಗೆಲ್ಲ ಊರವರು, "ಹೊನ್ನಪ್ಪ, ಇದು ಗಂಡಾಗಬೇಕಿತ್ತು ಕಣ್ಲಾ" ಎಂದು ಮೆಚ್ಚಿಕೊಳ್ಳುತ್ತಿದ್ದರು. ಮೈನೆರೆದ ಮೇಲೆ ಮೆಚ್ಚುಗೆ ನಿಂತುಹೋಯಿತು. ಅವ್ವ ಮಾದಮ್ಮ, "ಇನ್ ಕಣದ್ ಕಡೀಕ್ ಓಗ್ಬ್ಯಾಡ" ಎಂದಳು. ಅಂದಿನಿಂದ ಹುಡುಗರು ಆಡುವಾಗ ಅವಳು ಹಿತ್ತಿಲ ಬೇಲಿಯಾಚೆ ನಿಂತು ನೋಡುತ್ತಿದ್ದಳು. ತಪ್ಪು ಹಿಡಿತ ಹಿಡಿದವರನ್ನು ಅಲ್ಲಿಂದಲೇ ಬೈಯುತ್ತಿದ್ದಳು.

ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಇದ್ದ ಆಟವೆಂದರೆ ರಬ್ಬರಿನ ರಿಂಗು ಎಸೆದಾಡುವುದು, ಅದೂ ಕಟ್ಟಡದ ಹಿಂದಿನ ಸಂದಿಯಲ್ಲಿ. ಫೀಲ್ಡು ಪೂರ್ತಿ ಗಂಡುಹುಡುಗರದು. ಬೆಳಿಗ್ಗೆ ಕಬಡ್ಡಿ, ಸಂಜೆ ಕ್ರಿಕೆಟ್ಟು. ಪ್ರಾಕ್ಟೀಸು ಮುಗಿಸಿದ ಹುಡುಗರಿಗೆ ಕ್ಯಾಂಟೀನಿನಲ್ಲಿ ಬೇಯಿಸಿದ ಮೊಟ್ಟೆ, ಹಾಲು. ಸ್ಪೋರ್ಟ್ಸ್ ಡೇ ದಿನ ಹುಡುಗಿಯರ ಕೆಲಸ ರೇಷ್ಮೆ ಸೀರೆಯುಟ್ಟು, ಗೆದ್ದವರ ಕಪ್ಪುಗಳನ್ನು ತಟ್ಟೆಯಲ್ಲಿಟ್ಟು ವೇದಿಕೆಗೆ ತಂದುಕೊಡುವುದು. ಮೊದಲ ವರ್ಷ ಚಿಕ್ಕಬೋರಮ್ಮನೂ ಒಂದು ತಟ್ಟೆ ಹಿಡಿದು ನಿಂತಿದ್ದಳು. ಮೂರು ಹೆಜ್ಜೆ ಮುಂದೆ ನಿಂತ ಕಬಡ್ಡಿ ಕ್ಯಾಪ್ಟನ್ ಲೋಕೇಶ ಆ ಕಪ್ಪನ್ನು ಎತ್ತಿಕೊಂಡಾಗ ಅವಳು ಖಾಲಿ ತಟ್ಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ದಡದಡ ವೇದಿಕೆ ಇಳಿದಳು.

ಮರುದಿನವೇ ಆತಿಯಾಳನ್ನು ಕರೆದುಕೊಂಡು ಪಿ.ಟಿ. ಮೇಷ್ಟ್ರು ಪುಟ್ಟಸ್ವಾಮಿಯವರ ಕೋಣೆಗೆ ಹೋದಳು. ಪುಟ್ಟಸ್ವಾಮಿ ಕೆಟ್ಟವರಲ್ಲ. ಯಾವುದು ಹೇಗೆ ನಡೆದುಕೊಂಡು ಬಂದಿದೆಯೋ ಹಾಗೇ ನಡೆದರೆ ಅವರಿಗೆ ನೆಮ್ಮದಿ.

"ಸಾ, ಹೆಣ್ಮಕ್ಳಿಗೂ ಒಂದು ಕಬಡ್ಡಿ ಟೀಮ್ ಮಾಡ್ಕೊಡಿ."

"ಮೈಮೇಲೆ ಬಿದ್ದಾಡೋ ಆಟ ಕಣವ್ವ ಅದು. ನಾಳೆ ಕೈಯೋ ಕಾಲೋ ಮುರ್ಕಂಡ್ರೆ, ಯಾರ್ ಮದ್ವೆ ಆಯ್ತಾರೆ ಅಂತ ನಿಮ್ಮಪ್ಪ ನನ್ ಕೇಳ್ತಾರೆ."

"ಗಂಡುಡುಗ್ರು ಕಾಲ್ ಮುರ್ಕಂಡ್ರೆ ಅವ್ರಿಗ್ ಮದ್ವೆ ಆಗಕಿಲ್ವಾ ಸಾ?"

ಪುಟ್ಟಸ್ವಾಮಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಆಚೆ ದವಡೆಗೆ ತಳ್ಳಿದರು. ಬೇಡ ಎಂದರೆ ಇವಳು ದಿನಾ ಬಂದು ನಿಲ್ಲುತ್ತಾಳೆ ಎಂಬುದು ಅವರಿಗೆ ಗೊತ್ತಾಗಿಹೋಯಿತು. "ಫೀಲ್ಡು ಖಾಲಿ ಇದ್ದಾಗ ಆಡ್ಕಳಿ, ಓಗಿ" ಎಂದರು.

ಫೀಲ್ಡು ಖಾಲಿ ಇರುತ್ತಿದ್ದದ್ದು ಸುಡುವ ಮಧ್ಯಾಹ್ನ ಮಾತ್ರ. ಇನ್ನಷ್ಟು ಹುಡುಗಿಯರನ್ನು ಕೂಡಿಸಿಕೊಂಡು ಊಟದ ಬಿಡುವಿನಲ್ಲಿ ಆಡಿದರು. ಕಾದ ಮಣ್ಣಿಗೆ ಅಂಗಾಲು ಚುರುಗುಟ್ಟುತ್ತಿತ್ತು. ಹುಡುಗರು ಹಾಕಿ ಬಿಟ್ಟ, ಕಂಕುಳಲ್ಲಿ ಹರಿದ ಬನಿಯನ್ನುಗಳನ್ನು ಅವರಿಗೆ ಕೊಟ್ಟಿದ್ದರು. ಕೆಳಗೆ ಹಾಕಿಕೊಳ್ಳಲು ಏನೂ ಇರಲಿಲ್ಲ. ಆತಿಯಾಳ ತಾಯಿ ರಹಮತ್ ಬೀ ಶ್ರೀರಂಗಪಟ್ಟಣದ ಕೋಟೆಯೊಳಗೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದವಳು. ಗಂಡ ಶಹಾಬುದ್ದೀನ್ ಲಾರಿ ಡ್ರೈವರು, ತಿಂಗಳಲ್ಲಿ ಹದಿನೈದು ದಿನ ರಸ್ತೆ ಮೇಲೆ. ಕೇಳಿದ ಕೂಡಲೇ ರಹಮತ್ ಬೀ ನೀಲಿ ಬಟ್ಟೆ ಕತ್ತರಿಸಿ ಎಲ್ಲರಿಗೂ ಪ್ಯಾಂಟು ಹೊಲಿದಳು. ಮಗಳದು ಮಾತ್ರ ಹಿಮ್ಮಡಿವರೆಗೆ, ಉಳಿದವರದು ಮಂಡಿಯ ಕೆಳಗಿನವರೆಗೆ. "ಬಿದ್ರೂ ಹರಿಯಲ್ಲ ಬೇಟಿ, ಡಬಲ್ ಹೊಲಿಗೆ ಹಾಕೀನಿ" ಎಂದಳು.

ಮೊದಲ ವಾರ ಕಾಂಪೌಂಡಿನ ಮೇಲೆ ಹುಡುಗರು ಸಾಲಾಗಿ ಕೂತು ಸಿಳ್ಳೆ ಹಾಕಿದರು. ಎರಡನೆಯ ವಾರವೂ ಹಾಕಿದರು. ಆಮೇಲೆ ಒಂದು ದಿನ, ಆತಿಯಾ ಗಾಳಿಯಂತೆ ನುಗ್ಗಿ ಮೂವರನ್ನು ಮುಟ್ಟಿ ವಾಪಸ್ಸಾದಾಗ, ಅಲ್ಲಿಂದ ಬಂದ ಸಿಳ್ಳೆಯ ಧಾಟಿಯೇ ಬೇರೆಯಾಗಿತ್ತು.

೧೯೯೪ರ ಚಳಿಗಾಲದಲ್ಲಿ ನಾಗಮಂಗಲದಲ್ಲಿ ಕಾಲೇಜುಗಳ ನಡುವಿನ ಪಂದ್ಯಾವಳಿ ನಡೆಯುವುದೆಂದು ಗೊತ್ತಾಯಿತು. ಗಂಡಸರಿಗೂ ಹೆಂಗಸರಿಗೂ ಒಂದೇ ದಿನ. ಹುಡುಗರಿಗೆ ಮೆಟಡೋರು ವ್ಯಾನು ಗೊತ್ತುಮಾಡಿದರು, ಹೊಸ ಜರ್ಸಿ ಬಂತು. ಹುಡುಗಿಯರನ್ನು ಪ್ರಿನ್ಸಿಪಾಲರು ಕೋಣೆಗೆ ಕರೆಸಿ, "ಲೇಡಿ ಲೆಕ್ಚರರ್ ಜೊತೆಗಿಲ್ಲದೆ ಹೆಣ್ಣುಮಕ್ಕಳನ್ನ ಹೊರಗೆ ಕಳಿಸೋಕಾಗಲ್ಲಮ್ಮ" ಎಂದರು. ಕಾಲೇಜಿನಲ್ಲಿದ್ದದ್ದು ಒಬ್ಬರೇ ಲೇಡಿ ಲೆಕ್ಚರರು. ಅವರು ಬಾಣಂತನಕ್ಕೆ ತವರಿಗೆ ಹೋಗಿದ್ದರು. ಪ್ರಿನ್ಸಿಪಾಲರಿಗೂ ಅದು ಗೊತ್ತಿತ್ತು.

"ಜೊತೇಲಿ ದೊಡ್ ಹೆಂಗಸು ಇರ್ಬೇಕು, ಅಷ್ಟೇ ತಾನೇ ಸಾ?" ಎಂದಳು ಚಿಕ್ಕಬೋರಮ್ಮ.

"ಹೂಂ. ಜವಾಬ್ದಾರಿ ಇರೋಂಥವರು."

ಮಾರನೆಯ ದಿನ ಬೆಳಿಗ್ಗೆ ಪ್ರಿನ್ಸಿಪಾಲರ ಬಾಗಿಲಲ್ಲಿ ಬುರ್ಖಾ ತೊಟ್ಟ ರಹಮತ್ ಬೀ ನಿಂತಿದ್ದಳು. ಮುಖದ ಪರದೆ ಎತ್ತಿ ಸಲಾಮು ಮಾಡಿ, "ಎಲ್ಲಾ ಮಕ್ಳೂ ನನ್ ಜಿಮ್ಮೆ ಸಾಬ್. ಕರ್ಕೊಂಡ್ ಹೋಗಿ ಕರ್ಕೊಂಡ್ ಬರ್ತೀನಿ" ಎಂದಳು. ಪ್ರಿನ್ಸಿಪಾಲರು ಪುಟ್ಟಸ್ವಾಮಿಯವರ ಮುಖ ನೋಡಿದರು. ಪುಟ್ಟಸ್ವಾಮಿ ಕಿಟಕಿ ನೋಡಿದರು. ಕೊನೆಗೆ ಪ್ರಿನ್ಸಿಪಾಲರು ಹೂಂ ಎಂದರು.

ಮೆಟಡೋರಿನಲ್ಲಿ ಹಿಂದಿನ ಸೀಟುಗಳು ಖಾಲಿಯಿದ್ದವು. ಆದರೂ ಹುಡುಗಿಯರು ಸರ್ಕಾರಿ ಬಸ್ಸು ಹತ್ತಿದರು. ಜಕ್ಕನಹಳ್ಳಿ ದಾಟಿದ ಮೇಲೆ ಮೆಟಡೋರು ಹಾರನ್ ಹೊಡೆಯುತ್ತ ಅವರನ್ನು ಹಿಂದೆ ಹಾಕಿ ಹೋಯಿತು. ಲೋಕೇಶನ ಕಡೆಯವರು ಕಿಟಕಿಯಿಂದ ಕೈ ಬೀಸಿದರು. ಶ್ವೇತ ಎಂಬ ಹುಡುಗಿ, ತಂಡದಲ್ಲೆಲ್ಲ ಮೆತ್ತಗಿನವಳು, ನಾಲಗೆ ಚಾಚಿ ಅಣಕಿಸಿದಳು. ರಹಮತ್ ಬೀ ಬುತ್ತಿ ಬಿಚ್ಚಿ, ಕಾಲೇಜು ಕೊಡದ ಮೊಟ್ಟೆಗಳನ್ನು ಒಬ್ಬೊಬ್ಬರ ಕೈಗೂ ಇಟ್ಟಳು.

ನಾಗಮಂಗಲದ ಬಯಲಲ್ಲಿ ಎರಡು ಅಂಕಣಗಳಿದ್ದವು. ಒಂದಕ್ಕೆ ಕೆಮ್ಮಣ್ಣು ಹೊಡೆದು, ಮರಳು ಬೆರೆಸಿ, ನೀರು ಹಾಕಿ ಹದ ಮಾಡಿದ್ದರು. ಸುತ್ತ ಶಾಮಿಯಾನ, ಕುರ್ಚಿ, ಮೈಕು. ಅದು ಗಂಡಸರದು. ಇನ್ನೊಂದು, ಬಯಲಂಚಿನ ಗಟ್ಟಿ ನೆಲದ ಮೇಲೆ ಸುಣ್ಣದಲ್ಲಿ ಎಳೆದ ನಾಲ್ಕು ಗೆರೆ. ಅಲ್ಲಿ ಬಿದ್ದರೆ ಮೊಣಕೈ ಸಿಪ್ಪೆ ಏಳುತ್ತಿತ್ತು. ಆ ನೆಲದ ಮೇಲೇ ಚಿಕ್ಕಬೋರಮ್ಮನ ತಂಡ ಬೆಳಗಿನಿಂದ ಎರಡು ಆಟ ಗೆದ್ದಿತು. ಫೈನಲ್ಲು ಕೆ.ಆರ್. ಪೇಟೆ ಕಡೆಯಿಂದ ಬಂದ ತಂಡದ ಮೇಲೆ. ಆ ತಂಡದ ಕ್ಯಾಪ್ಟನ್ ಅನು ಎಂಬ ಉದ್ದನೆಯ ಹುಡುಗಿ. ಅವಳ ಮೊಣಕೈಗೂ ಬಟ್ಟೆ ಸುತ್ತಿತ್ತು.

ಊಟವಾದ ಮೇಲೆ ಫೈನಲ್ಲು ಎಂದಿದ್ದರು. ಊಟವಾಯಿತು. ಗಂಡಸರ ಪಂದ್ಯದಲ್ಲಿ ಜಗಳ ಹತ್ತಿ ಆಟ ನಿಂತಿತು, ಮತ್ತೆ ಶುರುವಾಯಿತು. ರೆಫ್ರಿಗಳೆಲ್ಲ ಆ ಕಡೆಯೇ ಇದ್ದರು. ಹುಡುಗಿಯರು ಬೇವಿನ ಮರದ ಕೆಳಗೆ ಕಾದರು. ಕೂತು ಕೂತು ಮೈಯ ಬಿಸಿ ಆರಿಹೋಯಿತು. ನೆರಳು ಉದ್ದವಾಗತೊಡಗಿದಾಗ ಸಂಘಟಕರಲ್ಲಿ ಹಿರಿಯರಾದ ಮರಿಯಯ್ಯನವರು ಇಬ್ಬರು ಕ್ಯಾಪ್ಟನ್ನರನ್ನೂ ಕರೆದರು. ಪುಟ್ಟಸ್ವಾಮಿ ಜೊತೆಗಿದ್ದರು.

"ನೋಡ್ರವ್ವ, ಕತ್ಲಾಯ್ತಾ ಬತ್ತಾ ಅದೆ. ಗಂಡುಡುಗ್ರ ಫೈನಲ್ಲು ಬೇರೆ ಆಗ್ಬೇಕು, ಅತಿಥಿಗಳೂ ಬಂದ್ ಕೂತವ್ರೆ. ನಿಮ್ದು ಟಾಸಲ್ಲಿ ತೀರ್ಮಾನ ಮಾಡ್ಬುಡನ. ಒಬ್ರಿಗೆ ಕಪ್ಪು, ಇನ್ನೊಬ್ರಿಗೆ ಅದ್ಕಿಂತ ವಸಿ ಚಿಕ್ಕದು. ಒತ್ತಾರೆ ಬಸ್ಸತ್ತಿದ್ ಮಕ್ಳು, ಬೆಳಕಿದ್ದಂಗೇ ಊರ್ ಸೇರ್ಕಳಿ. ನಿಮ್ ಒಳ್ಳೇದಕ್ಕೇ ಏಳ್ತಿರದು."

"ಹೆಡ್ಡು" ಎಂದುಬಿಟ್ಟಳು ಅನು, ಬೇಸತ್ತ ದನಿಯಲ್ಲಿ.

ಮರಿಯಯ್ಯ ನಾಣ್ಯ ಚಿಮ್ಮಿದರು. ಅದು ಮೇಲಕ್ಕೆ ಹೋಗಿ ಕೆಳಗೆ ಬರುವಷ್ಟರಲ್ಲಿ ಚಿಕ್ಕಬೋರಮ್ಮನ ಕೈ ಮುಂದಕ್ಕೆ ಚಾಚಿ ಅದನ್ನು ಗಾಳಿಯಲ್ಲೇ ಹಿಡಿದಿತ್ತು. ಅಷ್ಟು ಹೊತ್ತಿಗೆ ಅವಳೇನೂ ಯೋಚಿಸಿರಲಿಲ್ಲ. ಮುಷ್ಟಿಯೊಳಗೆ ನಾಣ್ಯದ ಅಂಚು ಒತ್ತಿದಾಗಲೇ ತಾನು ಮಾಡಿದ್ದೇನೆಂದು ತಿಳಿದದ್ದು. ಆದರೆ ತಿಳಿದ ಮೇಲೂ ಬಿಡಬೇಕೆನಿಸಲಿಲ್ಲ.

"ಇದ ಜೇಬಲ್ ಇಟ್ಕಳಿ ಸಾ" ಎಂದು ಮರಿಯಯ್ಯನವರ ಕೈಗೆ ಕೊಟ್ಟಳು. "ನಾವ್ ಬಂದಿರದು ಆಡಕ್ಕೆ."

"ಏಯ್, ಏನದು ಅಹಂಕಾರ!" ಎಂದರು ಪುಟ್ಟಸ್ವಾಮಿ.

ಅವಳು ಶಾಮಿಯಾನದ ಕಡೆಗೆ ನಡೆದಳು. ಹದ ಮಾಡಿದ ಅಂಕಣದಲ್ಲಿ ಹುಡುಗರು ಫೈನಲ್ಲಿಗೆ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಅವರ ನಡುವೆ ಹಾದುಹೋಗಿ ನಡುಗೆರೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಆತಿಯಾ ಬಂದು ಪಕ್ಕದಲ್ಲಿ ಕುಳಿತಳು. ಆಮೇಲೆ ಶ್ವೇತ, ಆಮೇಲೆ ಉಳಿದವರು. ಮಣ್ಣು ತಂಪಾಗಿತ್ತು, ಮೆತ್ತಗಿತ್ತು. ಇಂಥ ಮಣ್ಣಿನ ಮೇಲೆ ಬಿದ್ದರೆ ನೋಯುವುದೇ ಇಲ್ಲವಲ್ಲ ಎಂದು ಅವಳಿಗೆ ಆ ಗಳಿಗೆಯಲ್ಲೂ ಹೊಳೆದು, ಸಿಟ್ಟು ಇಮ್ಮಡಿಯಾಯಿತು.

ಜನ ಕೂಗತೊಡಗಿದರು. "ಮನೇಗ್ ಓಗಿ ಮುದ್ದೆ ತೊಳ್ಸ್ರಮ್ಮ!" ಎಂದನೊಬ್ಬ. ಲೋಕೇಶ ಬಂದು ಅವಳ ಎದುರಿಗೆ ನಿಂತ.

"ಏಳೇ ಬೋರಿ, ನಮ್ ಕಾಲೇಜ್ ಮರ್ವಾದೆ ತೆಗೀಬ್ಯಾಡ."

"ನಾನೂ ಅದೇ ಕಾಲೇಜು ಕಣೋ. ನಂಗೂ ಒಂಚೂರು ಮರ್ವಾದೆ ಕೊಡ್ಸು."

ಪುಟ್ಟಸ್ವಾಮಿ ಅಂಕಣದ ಅಂಚಿನಲ್ಲಿ ನಿಂತಿದ್ದ ರಹಮತ್ ಬೀ ಬಳಿಗೆ ಓಡಿದರು. "ನೀವಾದ್ರೂ ಎಬ್ಬಿಸಿ ಕರ್ಕಂಡ್ ಬನ್ನಿ ಬೀಬಮ್ಮ!"

"ನಾನು ಕರ್ಕೊಂಡ್ ಬಂದಿದ್ದು ಆಡ್ಸಕ್ಕೆ ಸಾಬ್" ಎಂದಳು ರಹಮತ್ ಬೀ. ಅಷ್ಟೊಂದು ಗಂಡಸರ ಮುಂದೆ ಅವಳು ಎಂದೂ ಮಾತಾಡಿದವಳಲ್ಲ. "ಆಡ್ಸ್ದೆ ವಾಪಸ್ ಕರ್ಕೊಂಡ್ ಹೋದ್ರೆ ಇವ್ರ ಅಮ್ಮಂದ್ರಿಗೆ ಏನ್ ಜವಾಬ್ ಕೊಡ್ಲಿ?"

ಚಿಕ್ಕಬೋರಮ್ಮ ಬೇವಿನ ಮರದ ಕಡೆ ನೋಡಿದಳು. ಅನು ಇನ್ನೂ ಅಲ್ಲೇ ನಿಂತಿದ್ದಳು. ಒಂದೇ ತಂಡ ಕೂತರೆ ಎತ್ತಿ ಆಚೆ ಹಾಕಿ, ಇನ್ನೊಂದಕ್ಕೆ ಕಪ್ಪು ಕೊಟ್ಟು ಕೈ ತೊಳೆದುಕೊಳ್ಳಬಹುದು. ಅನುವಿಗೂ ಅದು ಹೊಳೆದಿರಬೇಕು. ಸುಮ್ಮನಿದ್ದರೆ ಕಪ್ಪು ಅವಳದೇ. ಅವಳು ಮೊಣಕೈಯ ಬಟ್ಟೆ ಬಿಗಿ ಮಾಡಿಕೊಂಡಳು. ತನ್ನವರಿಗೆ ಏನೋ ಹೇಳಿದಳು. ಆಮೇಲೆ ಅವರೆಲ್ಲ ಒಟ್ಟಿಗೆ ನಡೆದುಬಂದು, ಗೆರೆಯ ಆಚೆ ಬದಿಯಲ್ಲಿ ಇವರಿಗೆ ಎದುರಾಗಿ ಕುಳಿತರು.

"ನೀನ್ ಸೋಲ್ತೀಯ, ಗೊತ್ತಾ?" ಎಂದಳು ಅನು ಮೆಲ್ಲಗೆ.

"ಆಡಿ ಸೋಲ್ಸು, ನೋಡನ."

ಕುರ್ಚಿಯಲ್ಲಿ ಕೂತಿದ್ದ ಅತಿಥಿ ಪಕ್ಕದವರನ್ನು ಏನಿದು ಎಂದು ಕೇಳಿದರು. ಪಕ್ಕದವರು ಮರಿಯಯ್ಯನವರನ್ನು ನೋಡಿದರು. ಕೊನೆಗೆ ಮರಿಯಯ್ಯನವರೇ ಅಂಕಣಕ್ಕೆ ಬಂದು, "ಆಯ್ತು, ಅರ್ಧ ಆಟ ಆಡ್ಬುಡಿ" ಎಂದರು.

"ಪೂರ್ತಿ" ಎಂದಳು ಚಿಕ್ಕಬೋರಮ್ಮ. "ಇಲ್ಲೇ, ಈ ಮಣ್ಣ ಮೇಲೆ."

ಆಡಿದರು. ಮೊದಲು ನಗುತ್ತಿದ್ದ ಜನ ಸ್ವಲ್ಪ ಹೊತ್ತಿಗೆ ನಗು ಮರೆತರು. ಆತಿಯಾ ಎರಡು ಸಲ ಅನುವಿನ ಕೈಯಿಂದ ಜಾರಿ ಬಂದಳು. ಚಿಕ್ಕಬೋರಮ್ಮ ಹಿಡಿದ ಕಾಲು ಒಂದೂ ಬಿಡಿಸಿಕೊಳ್ಳಲಿಲ್ಲ. ಬಿಡುವಿನ ಹೊತ್ತಿಗೆ ಇವರೇ ಮುಂದಿದ್ದರು. ಆಮೇಲೆ ಶ್ವೇತಳ ಪಾದ ಉಳುಕಿತು, ಅವಳು ಬಿಟ್ಟ ಜಾಗಕ್ಕೇ ಅನುವಿನ ಕಡೆಯವರು ನುಗ್ಗಿ ಬಂದರು. ಕೊನೆಯ ರೈಡಿಗೆ ಚಿಕ್ಕಬೋರಮ್ಮನೇ ಹೋದಳು. ಉಸಿರು ಕಟ್ಟಿಕೊಂಡು ಒಬ್ಬಳನ್ನು ಮುಟ್ಟಿ ತಿರುಗುವಾಗ ಅನು ಹಿಂದಿನಿಂದ ಸೊಂಟ ಹಿಡಿದಳು, ಮೇಲೆ ನಾಲ್ವರು ಬಿದ್ದರು. ಗೆರೆಗೆ ಒಂದು ಗೇಣು ಉಳಿದಿತ್ತು. ಸೋತರು.

ಅವಳಿಗೆ ಅಳು ಬಂತು. ಅದನ್ನು ಯಾರಿಂದಲೂ ಬಚ್ಚಿಡಲಿಲ್ಲ. ಆದರೆ ಮಣ್ಣು ಕೊಡವಿಕೊಂಡು ಎದ್ದು ಅನುವಿನ ಬೆನ್ನಿಗೊಂದು ಗುದ್ದಿದಳು. ಆ ಗುದ್ದಿನಲ್ಲಿ ಖುಷಿಯೂ ಇತ್ತು.

ಅಷ್ಟರಲ್ಲಿ ಕತ್ತಲಾಗಿತ್ತು. ಹುಡುಗರ ಫೈನಲ್ಲು ನಾಳೆಗೆ ಹೋಗುತ್ತದೆ ಎಂದುಕೊಂಡರೆ, ಮರಿಯಯ್ಯನವರ ಒಂದೇ ಮಾತಿಗೆ ಎಲ್ಲಿಂದಲೋ ಎರಡು ಟ್ರಾಕ್ಟರು, ಒಂದು ಜೀಪು ಬಂದು ಅಂಕಣದ ಸುತ್ತ ನಿಂತವು. ಹೆಡ್‌ಲೈಟು ಹತ್ತಿದವು. ಬಯಲು ಹಗಲಾಯಿತು. ಬಸ್ಸಿಗೆ ಹೊರಟಿದ್ದ ಚಿಕ್ಕಬೋರಮ್ಮ ನಿಂತು ಅದನ್ನೇ ನೋಡಿದಳು.

"ಬೆಳಕಿತ್ತು ಕಣೇ ಆತಿಯಾ" ಎಂದಳು. "ನಮಗ್ ಮಾತ್ರ ಇರ್ನಿಲ್ಲ."

ಸೋಮವಾರ ಹೊನ್ನಪ್ಪನಿಗೆ ಕಾಲೇಜಿನಿಂದ ಕರೆ ಬಂತು. ಪ್ರಿನ್ಸಿಪಾಲರು ಅವನಿಗೆ ಕುರ್ಚಿ ತೋರಿಸಲಿಲ್ಲ. ಅವನು ಹೆಗಲ ಮೇಲಿನ ಟವಲು ಕೈಗೆ ತೆಗೆದುಕೊಂಡು ನಿಂತೇ ಇದ್ದ. ಮಗಳು ಎಲ್ಲರ ಎದುರು ಕ್ಷಮೆ ಕೇಳಬೇಕು, ಇಲ್ಲದಿದ್ದರೆ ಹುಡುಗಿಯರ ತಂಡವೇ ಇರುವುದಿಲ್ಲ ಎಂದರು ಪ್ರಿನ್ಸಿಪಾಲರು.

"ಕೇಳ್ಬುಡು ಮಗ, ಒಂದ್ ಮಾತು. ಅದ್ರಲ್ಲೇನದೆ" ಎಂದ ಹೊನ್ನಪ್ಪ.

"ಏನಂತ ಕೇಳ್ಲಿ ಅಪ್ಪ? ಆಡ್ತೀನಿ ಅಂದಿದ್ದು ತಪ್ಪಾಯ್ತು ಅಂತಲಾ?"

ಹೊನ್ನಪ್ಪ ಮಗಳನ್ನೂ ಪ್ರಿನ್ಸಿಪಾಲರನ್ನೂ ನೋಡಿದ. ಟವಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. "ಅವ್ಳಿಗ್ ಅನ್ನಿಸ್ನಿಲ್ಲ ಅಂದ್ರೆ ನಾನೇನ್ ಮಾಡ್ಲಿ ಸ್ವಾಮಿ" ಎಂದ. ಬಸ್ಸಿನಲ್ಲಿ ಅವಳನ್ನು ಬಿಟ್ಟು ಮುಂದಿನ ಸೀಟಿನಲ್ಲಿ ಹೋಗಿ ಕೂತ.

ತಂಡ ಹೋಯಿತು. ಮಧ್ಯಾಹ್ನದ ಫೀಲ್ಡೂ ಹೋಯಿತು. ಶ್ವೇತಳ ಮನೆಯವರು ಅವಳನ್ನು ಕಾಲೇಜು ಬಿಡಿಸಿ, ಬಂದ ಸಂಬಂಧಕ್ಕೆ ಒಪ್ಪಿ ಮದುವೆ ಮಾಡಿದರು. ಮದುವೆಯಲ್ಲಿ ಊಟಕ್ಕೆ ಕೂತ ಚಿಕ್ಕಬೋರಮ್ಮ ಅರ್ಧಕ್ಕೇ ಎಲೆ ಬಿಟ್ಟು ಎದ್ದಳು. ತನ್ನಿಂದಲೇ ಆಯಿತೇ ಇದು ಎಂದು ದಿನಗಟ್ಟಲೆ ಕೊರಗಿದಳು. ತವರಿಗೆ ಬಂದಾಗ ಶ್ವೇತಳೇ ಅವಳನ್ನು ಬೈದಳು. "ನಾನ್ ಕೂತಿದ್ದು ನಾನಾಗೇ ಕಣೇ. ನೀನ್ಯಾಕ್ ಅಳ್ತೀಯ?"

ಒಂದು ಭಾನುವಾರ ಹೊನ್ನಪ್ಪ ಕಣದ ನಡುವಿದ್ದ ಹುಲ್ಲಿನ ಬಣವೆ ಕೀಳಿಸಿ ಮೂಲೆಗೆ ಹಾಕಿಸಿದ. "ಇಲಿ ಸೇರ್ಕಂಡವೆ, ಅದ್ಕೇ" ಎಂದ ಹೆಂಡತಿಗೆ. ಇಲಿಯೊಂದೂ ಇರಲಿಲ್ಲವೆಂಬುದು ಮಾದಮ್ಮನಿಗೆ ಗೊತ್ತಿತ್ತು. ಕಣ ಖಾಲಿಯಾದ ಮೇಲೆ ಆತಿಯಾ ಮತ್ತು ಉಳಿದವರು ಭಾನುವಾರದ ಬಸ್ಸಿಗೆ ಕಿರಂಗೂರಿಗೆ ಬರತೊಡಗಿದರು. ಊರ ಹೆಣ್ಣುಮಕ್ಕಳೂ ಒಬ್ಬೊಬ್ಬರೇ ಬೇಲಿ ದಾಟಿ ಒಳಗೆ ಬಂದರು.

ಮುಂದಿನ ವರ್ಷ ಆಷಾಢ ಕಳೆದ ಮೇಲೆ ಅದೇ ಕಣಕ್ಕೆ ಪುಟ್ಟಸ್ವಾಮಿಯವರ ಸ್ಕೂಟರು ಬಂದು ನಿಂತಿತು. ನಾಗಮಂಗಲದ ಆಟವನ್ನು ಯೂನಿವರ್ಸಿಟಿ ತಂಡ ಆರಿಸುವವರೊಬ್ಬರು ನೋಡಿದ್ದರಂತೆ. ಅನುವನ್ನು ಕ್ಯಾಂಪಿಗೆ ಕರೆದಿದ್ದರು. ಕಾಲು ಹಿಡಿದರೆ ಬಿಡದ ಹುಡುಗಿಯೂ ಅವಳ ಜೊತೆಯವಳೂ ಬೇಕು ಎಂದಿದ್ದರು. ಕಾಲೇಜಿನಿಂದ ಇಷ್ಟರವರೆಗೆ ಆ ಕ್ಯಾಂಪಿಗೆ ಯಾರೂ ಹೋಗಿರಲಿಲ್ಲ, ಹುಡುಗರೂ ಸಹ. ಪ್ರಿನ್ಸಿಪಾಲರಿಗೆ ಈಗ ಇಬ್ಬರ ಹೆಸರೂ ನೆನಪಾಗಿತ್ತು.

"ಓಗ್ತೀನಿ ಸಾ" ಎಂದಳು ಚಿಕ್ಕಬೋರಮ್ಮ, ಬೆವರು ಒರೆಸಿಕೊಳ್ಳುತ್ತ. "ಮೊದ್ಲು ನಮ್ ಟೀಮ್ ವಾಪಸ್ ಕೊಡಿ. ಬೆಳಗ್ಗೆ ಹೊತ್ತು ಫೀಲ್ಡು ಕೊಡಿ. ಗಂಡುಡುಗ್ರಿಗೆ ಏನ್ ಕೊಡ್ತೀರೋ ಅದೇ ಕೊಡಿ, ಮೊಟ್ಟೆ, ಹಾಲು, ಮೆಟಡೋರು."

"ಪ್ರಿನ್ಸಿಪಾಲ್ರು ಒಪ್ಪಲ್ಲ ಕಣವ್ವ."

"ಅಂಗಾದ್ರೆ ಪ್ರಿನ್ಸಿಪಾಲ್ರೇ ಕ್ಯಾಂಪಿಗ್ ಓಗಿ ಕಬಡ್ಡಿ ಆಡ್ಲಿ."

ಪುಟ್ಟಸ್ವಾಮಿಯವರಿಗೆ ತಡೆಯಲಾಗದೆ ನಗು ಬಂತು. ನಕ್ಕ ಮೇಲೆ ಸ್ಕೂಟರಿನ ಕಡೆ ತಿರುಗಿದರು. "ಆ ದಿವ್ಸ ಟಾಸ್ ಅಂದಾಗ ನಾನ್ ಬ್ಯಾಡ ಅನ್ಬೇಕಿತ್ತು" ಎಂದರು. ಅವಳು ಪರವಾಗಿಲ್ಲ ಎನ್ನಲಿಲ್ಲ. ಅವರೂ ಅದಕ್ಕೆ ಕಾಯಲಿಲ್ಲ.

ಕೇಳಿದ್ದೆಲ್ಲ ಸಿಗಲಿಲ್ಲ. ತಂಡ ಬಂತು, ದಿನ ಬಿಟ್ಟು ದಿನ ಬೆಳಗಿನ ಫೀಲ್ಡು ಬಂತು, ಮೊಟ್ಟೆ ಹಾಲು ಬಂದವು. ಮೆಟಡೋರು ಅವಳು ಓದು ಮುಗಿಸುವವರೆಗೂ ಬರಲಿಲ್ಲ. ಪ್ರತಿ ಸಲ ಕೇಳುವುದನ್ನು ಅವಳೂ ಬಿಡಲಿಲ್ಲ. ಕ್ಯಾಂಪಿಗೆ ಆತಿಯಾಳೊಂದಿಗೆ ಹೋದಳು. ಆತಿಯಾಳನ್ನು ಆರಿಸಲಿಲ್ಲ. ಚಿಕ್ಕಬೋರಮ್ಮ ಹೆಚ್ಚುವರಿ ಆಟಗಾರ್ತಿಯಾಗಿ ಯೂನಿವರ್ಸಿಟಿ ತಂಡ ಸೇರಿ, ತಮಿಳುನಾಡಿನ ಒಂದು ಊರಿಗೆ ರೈಲಿನಲ್ಲಿ ಹೋಗಿ, ಎರಡು ಪಂದ್ಯಗಳ ಕೊನೆಯ ಕೆಲವು ನಿಮಿಷ ಅನುವಿನ ಪಕ್ಕದಲ್ಲಿ ನಿಂತು ಆಡಿ ಬಂದಳು.

ಆಮೇಲೆ ದೈಹಿಕ ಶಿಕ್ಷಣದ ತರಬೇತಿ ಮುಗಿಸಿ, ಮಾಕವಳ್ಳಿ ಕಡೆಯ ಒಂದು ಹೈಸ್ಕೂಲಿಗೆ ಪಿ.ಟಿ. ಟೀಚರಾಗಿ ಸೇರಿದಳು. ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದವನನ್ನು ಮದುವೆಯಾದಳು. ನೋಡಲು ಬಂದ ದಿನವೇ ಅವನಿಗೆ, "ಬೆಳಗ್ಗೆ ಆರು ಗಂಟೆಗೆ ನಾನು ಫೀಲ್ಡಲ್ಲಿರ್ತೀನಿ, ಕಾಫಿ ನೀವೇ ಕಾಯ್ಸ್ಕಬೇಕು" ಎಂದಿದ್ದಳು. ಅವನು ಕಾಯಿಸಿಕೊಂಡ, ಅವಳಿಗೂ ಒಂದು ಲೋಟ ಎತ್ತಿಟ್ಟ.

೧೯೯೯ರಲ್ಲಿ ಆ ಹೈಸ್ಕೂಲಿನಲ್ಲಿ ಬೆಳಗಿನ ಫೀಲ್ಡು ಹುಡುಗಿಯರದಾಗಿತ್ತು. ಹೆಡ್‌ಮಾಸ್ಟರು ಎರಡು ಸಲ ಅದನ್ನು ಬದಲಾಯಿಸಲು ನೋಡಿ ಸುಮ್ಮನಾಗಿದ್ದರು. ಒಂದು ದಿನ ಬೆಟ್ಟಮ್ಮ ಎಂಬಾಕೆ, ಕಬ್ಬು ಕಡಿಯುವ ಮಚ್ಚು ಸೊಂಟದಲ್ಲಿದ್ದ ಹಾಗೇ, ಸ್ಕೂಲಿನ ಬಾಗಿಲಿಗೆ ಬಂದು ನಿಂತಳು.

"ಏನ್ ಟೀಚರಮ್ಮ, ನನ್ ಮಗ್ಳ ಮಂಡಿ ನೋಡಿದ್ದೀರಾ? ಸಿಪ್ಪೆ ಎದ್ದೋಗದೆ! ಹೆಣ್ ಹುಡ್ಗಿ ಮೈಮೇಲೆ ಕಲೆ ಮಾಡ್ಬುಟ್ರೆ ಎಂಗೆ?"

ಚಿಕ್ಕಬೋರಮ್ಮ ಕುರ್ಚಿ ಎಳೆದು ಅವಳನ್ನು ಕೂರಿಸಿದಳು. "ಅರಿಶಿನ ಹಚ್ಚಿ ಕಣಕ್ಕ. ನಿನ್ನೆ ನಿಮ್ ಮಗ್ಳು ಮೂರು ಜನರನ್ನ ಒಬ್ಳೇ ಎಳ್ಕಂಡ್ ಬಂದ್ಲು, ಏಳ್ನಿಲ್ವಾ ನಿಮಗೆ?"

ಬೆಟ್ಟಮ್ಮ ಸೊಂಟದ ಮಚ್ಚು ತೆಗೆದು ಕಾಲಬುಡದಲ್ಲಿಟ್ಟಳು. "ಮೂರ್ ಜನನ್ನಾ?" ಎಂದಳು.

"ಮೂರ್ ಜನನ್ನ. ನಾಳೆ ಬಂದು ನೋಡಿ ಬೇಕಾದ್ರೆ."

ಮಾರನೆಯ ದಿನ ಮಂಜು ಇನ್ನೂ ಹರಿದಿರಲಿಲ್ಲ. ಕೆಲಸಕ್ಕೆ ಹೊರಟಿದ್ದ ಬೆಟ್ಟಮ್ಮ ಫೀಲ್ಡಿನ ಪಕ್ಕ ನಿಂತು, "ಹಿಡ್ಕಳೇ! ಕಾಲ್ ಹಿಡ್ಕಳೇ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು.